ದೇಶಕ್ಕೆ ಹೊಸದಾಗಿ ಒಂದು ಆರೋಗ್ಯ ವ್ಯವಸ್ಥೆ ಕಟ್ಟೋದಾದರೆ ಎಲ್ಲಿಂದ ಶುರು ಮಾಡ್ತೀರಿ?

ಶರಾವತಿ_ದಂಡೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪನಿಗೆ 68 ವರ್ಷ. 11 ವರ್ಷದಿಂದ ಶುಗರ್. ಊರು ಸಾಗರ ತಾಲ್ಲೂಕಿನ ಒಳಗೆ, ಬಸ್ಸು ದಿನಕ್ಕೆ ಎರಡೇ ಸಲ. ಪಿಎಚ್‌ಸಿ (ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರ) 14 ಕಿಲೋಮೀಟರ್. ಅಲ್ಲಿ ಮಾತ್ರೆ ಪುಕ್ಕಟೆ, ಆದರೆ ಒಂದು ಸಲಕ್ಕೆ ಹತ್ತು ದಿನದ್ದು ಮಾತ್ರ. ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಕೈಗೆ ಹಾಕುತ್ತಾರೆ. ಬೆಳಗಿನ ಬಸ್ಸಿಗೆ ಹೋದರೆ ವಾಪಸ್ ಬರುವುದು ಸಂಜೆಗೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಹತ್ತು ದಿನಕ್ಕೊಂದು ದಿನ ಹಾಳು ಮಾಡಿಕೊಂಡು ಯಾರು ಹೋಗುತ್ತಾರೆ? ಅಪ್ಪ ಹತ್ತು ದಿನದ ಮಾತ್ರೆಯನ್ನು ಇಪ್ಪತ್ತು ದಿನ ನುಂಗಿದರು. ದಿನ ಬಿಟ್ಟು ದಿನ. ನಮಗೆ ಹೇಳಲೇ ಇಲ್ಲ.

ಹೋದ ವರ್ಷ ಹೆಬ್ಬೆರಳಿಗೆ ಗಾಯ. ತೋಟದಲ್ಲಿ ಬರಿಗಾಲು, ಯಾವಾಗ ಚುಚ್ಚಿತೋ ಅವರಿಗೇ ಗೊತ್ತಾಗಿಲ್ಲ. ಕಪ್ಪಾಯಿತು, ವಾಸನೆ ಬಂತು. ಕೊನೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಆಯುಷ್ಮಾನ್ ಕಾರ್ಡಿನಲ್ಲಿ ಆಪರೇಷನ್ ಆಯಿತು. ಸುಳ್ಳು ಹೇಳಬಾರದು, ಕಾರ್ಡ್ ಇಲ್ಲದಿದ್ದರೆ ತೋಟ ಅಡ ಇಡಬೇಕಿತ್ತು.

ಆದರೂ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಕಾಲು ತೆಗೆಯೋಕೆ ದುಡ್ಡಿತ್ತು. ತಿಂಗಳಿಗಾಗುವಷ್ಟು ಮಾತ್ರೆ ಒಟ್ಟಿಗೆ ಕೊಡೋಕೆ ಇರಲಿಲ್ಲ. ಕಾರ್ಡ್ ಕೆಲಸ ಮಾಡೋದು ಮನುಷ್ಯ ಹಾಸಿಗೆ ಹಿಡಿದ ಮೇಲೆ. ಓಡಾಡಿಕೊಂಡಿರುವಷ್ಟು ದಿನ ಅದು ಬೀರುವಿನಲ್ಲಿರುತ್ತೆ.

ಅದಕ್ಕೇ ಕೇಳ್ತಿದ್ದೀನಿ. ಈಗಿರೋದನ್ನೆಲ್ಲ ಪಕ್ಕಕ್ಕಿಟ್ಟು, ಇನ್ನು 20 ವರ್ಷಕ್ಕೆ ಅಂತ ದೇಶಕ್ಕೊಂದು ವ್ಯವಸ್ಥೆ ಕಟ್ಟು ಅಂದರೆ ನೀವು ಮೊದಲ ಕಲ್ಲು ಎಲ್ಲಿಡ್ತೀರಿ? ದಯವಿಟ್ಟು ಪಾರ್ಟಿ ಜಗಳ ಬೇಡ.

ಕತ್ತರಿ_ಹಿಡಿದವಳು:
ಅಣ್ಣ, ಓದಿ ಹೊಟ್ಟೆ ಉರಿಯಿತು. ನಾನು ಪಿಎಚ್‌ಸಿಯಲ್ಲಿ ಫಾರ್ಮಸಿಸ್ಟ್. ನಿಮ್ಮ ಕಡೆಯಲ್ಲ, ಬೇರೆ ಜಿಲ್ಲೆ. ಆ ಕತ್ತರಿ ನನ್ನ ಕೈಯಲ್ಲೂ ಇದೆ.

ಯಾಕೆ ಹತ್ತು ದಿನ ಅಂತ ಹೇಳ್ತೀನಿ. ನಾವು ಇಷ್ಟು ಬೇಕು ಅಂತ ಇಂಡೆಂಟ್ ಹಾಕುತ್ತೇವೆ. ಬರೋದು ಯಾವಾಗಲೂ ಅದಕ್ಕಿಂತ ಕಡಿಮೆ. ನನ್ನ ಹತ್ತಿರ ಮಾತ್ರೆ ಇರೋದು ನೂರು ಜನಕ್ಕೆ, ಮುಂದೆ ನಿಂತಿರೋರು ಮುನ್ನೂರು. ಮೊದಲು ಬಂದವರಿಗೆ ತಿಂಗಳದ್ದು ಕೊಟ್ಟರೆ ಉಳಿದವರು ಬರಿಗೈಲಿ ಹೋಗಬೇಕು. ಕತ್ತರಿಸಿ ಹಂಚಿದರೆ ಎಲ್ಲರಿಗೂ ಅರ್ಧಂಬರ್ಧ. ಎರಡೂ ತಪ್ಪೇ. ಆಸ್ಪತ್ರೆಯ ಸಣ್ಣಪುಟ್ಟ ಖರ್ಚು ನೋಡಿಕೊಳ್ಳೋ ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ಸ್ವಲ್ಪ ಇಲ್ಲೇ ಕೊಳ್ಳಬಹುದು. ಆದರೆ ಅದೇ ದುಡ್ಡಿನಲ್ಲಿ ಕಿಟಕಿ ಗಾಜು, ನೀರಿನ ಮೋಟಾರು ಎಲ್ಲ ಆಗಬೇಕು.

ತಮಿಳುನಾಡು ಇದಕ್ಕೊಂದು ದಾರಿ ಕಂಡುಕೊಂಡಿತು. 1994ರಲ್ಲಿ ಔಷಧಿ ಖರೀದಿಗೇ ಒಂದು ನಿಗಮ ಮಾಡಿದರು. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ವರ್ಷಕ್ಕೆ ಇಷ್ಟು ರೂಪಾಯಿ ನಿಮ್ಮದು ಅಂತ ಅದರಲ್ಲಿ ಬರೆದಿರುತ್ತೆ. ಬ್ಯಾಂಕಿನ ಹಾಗೆ, ಜಿಲ್ಲೆಯ ಗೋದಾಮಿಗೆ ಹೋಗಿ ಬೇಕಾದ ಔಷಧಿ ತಗೊಂಡು ಬರೋದು. ಯಾವುದು ಜಾಸ್ತಿ ಖರ್ಚಾಗುತ್ತೋ ಅದನ್ನೇ ತರಬಹುದು. ನನಗೆ ಬೇಡದ ಕೆಮ್ಮಿನ ಸಿರಪ್ ಲಾರಿಗಟ್ಟಲೆ ಬಂದು ಇಳಿಯೋದಿಲ್ಲ. ಮೊದಲ ಕಲ್ಲು ನನ್ನನ್ನು ಕೇಳಿದರೆ, ಗೋದಾಮು.

ಟೆಕ್ಕಿ_ಜಯನಗರ:
ಶರಾವತಿಯವರೇ, ನಿಮ್ಮ ತಂದೆಯವರ ವಿಷಯ ಕೇಳಿ ಬೇಸರವಾಯಿತು. ಆದರೆ ನನ್ನ ಪ್ರಶ್ನೆಯೇ ಬೇರೆ. ಸರ್ಕಾರ ಆಸ್ಪತ್ರೆ ನಡೆಸೋದು ಯಾಕೆ? ಎಲ್ಲರಿಗೂ ಒಂದೊಳ್ಳೆ ವಿಮೆ ಮಾಡಿಸಿ, ಯಾವ ಆಸ್ಪತ್ರೆಗೆ ಬೇಕಾದರೂ ಹೋಗಿ ಅನ್ನಲಿ. ಪೈಪೋಟಿ ಇದ್ದರೆ ಗುಣಮಟ್ಟ ತಾನಾಗಿ ಬರುತ್ತೆ. ನಾನು ಟ್ಯಾಕ್ಸ್ ಕಟ್ಟುತ್ತೀನಿ, ಮೇಲಿಂದ ಅಪ್ಪ ಅಮ್ಮನ ಪಾಲಿಸಿಗೂ ಕಟ್ಟುತ್ತೀನಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ತೆಗೆದರು ಅಂತ ಖುಷಿಪಟ್ಟೆ. ರಿನ್ಯೂವಲ್‌ಗೆ ಬಂದಾಗ ಪ್ರೀಮಿಯಮ್ಮೇ ಏರಿತ್ತು.

ಲೆಕ್ಕದ_ಮೇಷ್ಟ್ರು:
ಟೆಕ್ಕಿ ಸಾಹೇಬರೇ, ವಿಮೆಯವರು ಅಪ್ಪನ ಹತ್ತು ದಿನದ ಮಾತ್ರೆಗೆ ಕೊಡ್ತಾರಾ? ಅಡ್ಮಿಟ್ ಆಗಬೇಕಲ್ವಾ?

ನಾನು ನಿವೃತ್ತ ಗಣಿತ ಮೇಷ್ಟ್ರು, ಸುಮ್ನೆ ಕೂರಲಾರದೆ ಲೆಕ್ಕ ಹಾಕಿದೆ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಕೇಂದ್ರ, ರಾಜ್ಯ ಎಲ್ಲ ಸೇರಿ ಸರ್ಕಾರ ಆರೋಗ್ಯಕ್ಕೆ ಖರ್ಚು ಮಾಡಿದ್ದು ಜಿಡಿಪಿಯ 1.84%. ತಲೆಗೆ ವರ್ಷಕ್ಕೆ 3,169 ರೂಪಾಯಿ. ತಿಂಗಳಿಗೆ ಭಾಗಿಸಿ: 264. ಇದರಲ್ಲೇ ಲಸಿಕೆ, ಹೆರಿಗೆ, ಕ್ಯಾನ್ಸರ್, ಡಾಕ್ಟರ ಸಂಬಳ, ಸೊಳ್ಳೆ ಔಷಧಿ ಎಲ್ಲಾ.

ಜನ ತಮ್ಮ ಜೇಬಿನಿಂದ ಕೊಟ್ಟಿದ್ದು ಒಟ್ಟು ಖರ್ಚಿನಲ್ಲಿ 39.4%. 2013-14ರಲ್ಲಿ ಇದು 64.2% ಇತ್ತು. ಇಳಿದಿದೆ, ಇಲ್ಲ ಅನ್ನಲ್ಲ. ಆದರೆ ನೂರಕ್ಕೆ ನಲವತ್ತು ಇನ್ನೂ ಜೇಬಿನಿಂದಲೇ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ 2025ಕ್ಕೆ 2.5% ಮುಟ್ಟುತ್ತೇವೆ ಅಂದಿದ್ದರು. ಅದೇ ನೀತಿಯಲ್ಲಿ, ಮೂರರಲ್ಲಿ ಎರಡು ಪಾಲು ದುಡ್ಡು ಪ್ರಾಥಮಿಕ ಹಂತಕ್ಕೆ ಹೋಗಬೇಕು ಅಂತಲೂ ಇದೆ. ಈ ಎರಡನೇ ಮಾತನ್ನು ಯಾರೂ ನೆನೆಸಲ್ಲ ನೋಡಿ.

ಹೊಸದು ಕಟ್ಟೋದು ಅಂತೀರಿ. ನಕ್ಷೆ 1946ರಲ್ಲೇ ಬರೆದಿಟ್ಟಿದ್ದಾರೆ. ಆಗಿನ ಸರ್ಕಾರ ಆರೋಗ್ಯ ವ್ಯವಸ್ಥೆಗೆ ಅಂತಲೇ ನೇಮಿಸಿದ್ದ ಭೋರ್ ಸಮಿತಿಯ ವರದಿ. 10ರಿಂದ 20 ಸಾವಿರ ಜನಕ್ಕೆ ಒಂದು ಘಟಕ, ಅದಕ್ಕೆ 75 ಹಾಸಿಗೆ ಆಸ್ಪತ್ರೆ. ಈಗಿನ ನಿಯಮ ಏನು? ಬಯಲು ಸೀಮೆಯಲ್ಲಿ 30 ಸಾವಿರಕ್ಕೆ, ಗುಡ್ಡಗಾಡಲ್ಲಿ 20 ಸಾವಿರಕ್ಕೆ ಒಂದು ಪಿಎಚ್‌ಸಿ. ಹಾಸಿಗೆ ಆರು.

ಲೀಡ್ಸ್_ಕನ್ನಡಿಗ:
ಇಂಗ್ಲೆಂಡಿನಿಂದ ಬರೀತಿದ್ದೀನಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅಂದರೆ ಸ್ವರ್ಗ ಅಂದುಕೊಂಡವರಿಗೆ ಮೊದಲೇ ಹೇಳಿಬಿಡ್ತೀನಿ, ಅಲ್ಲ. ಬೆಳಗ್ಗೆ 8ಕ್ಕೆ ಸರಿಯಾಗಿ ಜಿಪಿ (ನಮ್ಮ ಏರಿಯಾದ ಸಾಮಾನ್ಯ ಡಾಕ್ಟರ್) ಕ್ಲಿನಿಕ್ಕಿಗೆ ಫೋನ್ ಮಾಡಬೇಕು. 8:05ಕ್ಕೆ ಮಾಡಿದರೆ ಸಾಲಿನಲ್ಲಿ ಮೂವತ್ತನೆಯವರು. ಇಂಗ್ಲೆಂಡಿನಲ್ಲಿ ಆಸ್ಪತ್ರೆ ಚಿಕಿತ್ಸೆಗೆ ಕಾಯುವ ಪಟ್ಟಿ 70 ಲಕ್ಷದ ಆಸುಪಾಸಿನಲ್ಲಿದೆ. ಮಂಡಿ ಆಪರೇಷನ್‌ಗೆ ತಿಂಗಳುಗಟ್ಟಲೆ. ಹಲ್ಲಿನ ಡಾಕ್ಟರಂತೂ ಕೇಳಲೇಬೇಡಿ. ಊರಿಗೆ ಬಂದಾಗ ಹಲ್ಲು ಮಾಡಿಸಿಕೊಂಡು ಹೋಗುವವರು ನಾವು!

ಆದರೆ ಶರಾವತಿಯವರು ಬರೆದಿದ್ದು ಓದಿ ಒಂದು ಹೇಳಲೇಬೇಕು. ನನಗೂ ಶುಗರ್. ವರ್ಷಕ್ಕೊಮ್ಮೆ ಕ್ಲಿನಿಕ್ಕಿನಿಂದ ಕಾಗದ ಬರುತ್ತೆ, ಪಾದ ತೋರಿಸೋಕೆ ಬನ್ನಿ ಅಂತ. ನರ್ಸ್ ಸಾಕ್ಸ್ ಬಿಚ್ಚಿಸುತ್ತಾರೆ. ಬೆರಳ ಸಂದಿಯಲ್ಲಿ ನೋಡುತ್ತಾರೆ. ಆಮೇಲೆ ಪೆನ್ನಿನಂಥದ್ದರ ತುದಿಯಲ್ಲಿ ಒಂದು ನೈಲಾನ್ ಎಳೆ ಇರುತ್ತೆ, ಅದನ್ನು ಪಾದಕ್ಕೆ ಒತ್ತುತ್ತಾರೆ. ನಾನು ಕಣ್ಣು ಮುಚ್ಚಿಕೊಂಡು, ಗೊತ್ತಾದಾಗ "ಹೂಂ" ಅನ್ನಬೇಕು. ಎರಡು ನಿಮಿಷದ ಕೆಲಸ. ಸ್ಪರ್ಶ ಹೋಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ.

ಇನ್ನೊಂದು. ಇಂಗ್ಲೆಂಡಿನಲ್ಲಿ ಪ್ರತಿ ಔಷಧಿಗೆ ಒಂದು ಶುಲ್ಕ ಇದೆ, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಅದೂ ಇಲ್ಲ. ಆದರೆ ಶುಗರ್‌ಗೆ ಔಷಧಿ ತಗೊಳ್ಳೋರಿಗೆ ಇಂಗ್ಲೆಂಡಿನಲ್ಲೂ ಆ ಶುಲ್ಕ ಮಾಫಿ. ಮಾತ್ರೆ ತಪ್ಪಿದರೆ ಮುಂದೆ ಕಾಲು, ಕಿಡ್ನಿ, ಕಣ್ಣಿಗೆ ಎಷ್ಟು ಸುರಿಯಬೇಕಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಎರಡೂ ಬಿಲ್ಲು ಹೋಗೋದು ಒಂದೇ ಜೇಬಿಗೆ.

ಶರಾವತಿ_ದಂಡೆ:
ಲೀಡ್ಸ್ ಸಾರ್, ಆ ನೈಲಾನ್ ಎಳೆಯ ವಿಷಯ ಓದಿ ಎದ್ದು ಹೊರಗೆ ಹೋಗಿ ಬಂದೆ. 11 ವರ್ಷದಲ್ಲಿ ನಮ್ಮಪ್ಪನ ಪಾದವನ್ನು ಯಾರೂ ಮುಟ್ಟಿ ನೋಡಿಲ್ಲ. ಆಪರೇಷನ್ ಮಾಡಿದ ಡಾಕ್ಟರೇ ಮೊದಲು.

"ಎರಡೂ ಬಿಲ್ಲು ಒಂದೇ ಜೇಬಿಗೆ" ಅಂದಿರಲ್ಲ, ನನಗೆ ಬೇಕಾಗಿದ್ದ ಮಾತು ಅದೇ. ನಮ್ಮಲ್ಲಿ ಮಾತ್ರೆಯ ಬಿಲ್ಲು ಒಂದು ಕಡೆ, ಕಾಲಿನ ಬಿಲ್ಲು ಇನ್ನೊಂದು ಕಡೆ. ಮಾತ್ರೆಯಲ್ಲಿ ಉಳಿಸಿದವನಿಗೆ ಕಾಲಿನ ಲೆಕ್ಕ ಕಾಣೋದೇ ಇಲ್ಲ.

ಇಪ್ಪತ್ತು_ಹಾಸಿಗೆ:
ನಾನು ತಾಲ್ಲೂಕು ಕೇಂದ್ರದಲ್ಲಿ ಸಣ್ಣ ನರ್ಸಿಂಗ್ ಹೋಂ ನಡೆಸೋ ಡಾಕ್ಟರ್. ಇಲ್ಲಿ ಖಾಸಗಿಯವರ ಪರ ಯಾರೂ ಮಾತಾಡುತ್ತಿಲ್ಲ, ಬೈಸಿಕೊಳ್ಳೋಕೆ ನಾನೇ ಬಂದೆ.

ಕಾರ್ಡ್ ಯೋಜನೆಗಳ ಪ್ಯಾಕೇಜ್ ದರ, ಅಂದರೆ ಒಂದು ಆಪರೇಷನ್‌ಗೆ ಇಷ್ಟು ಅನ್ನೋದನ್ನ, ಬೆಂಗಳೂರಿನಲ್ಲಿ ಕೂತು ಬರೆಯುತ್ತಾರೆ. ರೋಗಿ ಮನೆಗೆ ಹೋಗಿ, ಹೊಲಿಗೆ ಬಿಚ್ಚಿ, ಮತ್ತೆ ಜಾತ್ರೆಯಲ್ಲಿ ಸಿಕ್ಕಿ "ಆರಾಮ ಇದ್ದೀನಿ ಸಾರ್" ಅಂದ ಮೇಲೂ ನನ್ನ ಬಿಲ್ಲು ಬಂದಿರೋದಿಲ್ಲ. ದೊಡ್ಡ ಆಸ್ಪತ್ರೆ ತಡಕೊಳ್ಳುತ್ತೆ. ನನ್ನ ಇಬ್ಬರು ನರ್ಸ್‌ಗಳಿಗೆ ಒಂದನೇ ತಾರೀಕು ಸಂಬಳ ಆಗಲೇಬೇಕು. 2017ರ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸೋ ಕೆಪಿಎಂಇ ಕಾನೂನಿನ ತಿದ್ದುಪಡಿ ವಿರುದ್ಧ ರಾಜ್ಯದ ತುಂಬಾ ನಾವು ಓಪಿಡಿ (ಹೊರರೋಗಿ ವಿಭಾಗ) ಮುಚ್ಚಿದೆವಲ್ಲ, ಆಗ ಜನ ಸಾಯಲಿ ಅಂತ ಮುಚ್ಚಿದ್ದಲ್ಲ. ಆದರೆ ಜನಕ್ಕೆ ಹಾಗೇ ಕಂಡಿತು. ಅದು ನಮ್ಮ ತಪ್ಪೂ ಹೌದು.

ಆದರ್ಶ ವ್ಯವಸ್ಥೆ ಅಂದರೆ ನನ್ನಂಥವನನ್ನು ಹೊರಗಿಡಬೇಡಿ. ಆಪರೇಷನ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ನಾನು ಆಪರೇಷನ್ನನ್ನೇ ಹುಡುಕುತ್ತೀನಿ, ಮನುಷ್ಯ ತಾನೇ. ಅದರ ಬದಲು "ಈ ಐದು ಸಾವಿರ ಜನ ನಿಮ್ಮವರು, ತಲೆಗೆ ಇಷ್ಟು ಅಂತ ತಿಂಗಳು ತಿಂಗಳು ಕೊಡ್ತೀವಿ, ಆರೋಗ್ಯವಾಗಿ ನೋಡಿಕೊಳ್ಳಿ" ಅನ್ನಲಿ. ಥಾಯ್ಲೆಂಡಿನಲ್ಲಿ 2002ರಿಂದ ಹೊರರೋಗಿಗಳಿಗೆ ಹೀಗೇ ತಲೆ ಲೆಕ್ಕದಲ್ಲಿ ಕೊಡುತ್ತಿದ್ದಾರೆ. 30 ಬಾತ್ ಯೋಜನೆ ಅಂತ ಹೆಸರು, ಬಾತ್ ಅಂದರೆ ಅಲ್ಲಿನ ದುಡ್ಡು. ನಾನು ಆಗ ಪಾದ ನೋಡುತ್ತೀನಿ. ನನಗೂ ಅದೇ ಲಾಭ.

ಲೆಕ್ಕದ_ಮೇಷ್ಟ್ರು:
ಡಾಕ್ಟ್ರೇ, ಒಪ್ಪಿದೆ. ಆದರೆ ಥಾಯ್ಲೆಂಡಿನವರು 2002ಕ್ಕೆ ದಿಢೀರ್ ಅಂತ ಯೋಜನೆ ತರಲಿಲ್ಲ. 1970ರ ದಶಕದಿಂದ ಹೊಸ ಡಾಕ್ಟರುಗಳನ್ನು ಹಳ್ಳಿಗೆ ಕಡ್ಡಾಯವಾಗಿ ಕಳಿಸಿದರು, ಜಿಲ್ಲೆ ಜಿಲ್ಲೆಗೂ ಆಸ್ಪತ್ರೆ ಕಟ್ಟಿದರು. ಅದಾದ ಮೇಲೆ 30 ಬಾತ್. ನಾವು 2018ರಲ್ಲಿ ಮೊದಲು 5 ಲಕ್ಷದ ಆಯುಷ್ಮಾನ್ ಕಾರ್ಡ್ ಹಂಚಿದೆವು. ಮನೆ ಕಟ್ಟುವ ಮೊದಲೇ ಗೃಹಪ್ರವೇಶದ ಊಟ ಹಾಕಿದ ಹಾಗೆ.

ಕಡ್ಡಾಯ ಸೇವೆ ನಮ್ಮಲ್ಲೂ 2012ರಲ್ಲಿ ಕಾನೂನಾಯಿತು. ಒಂದು ವರ್ಷ. ಎಷ್ಟು ಜನ ಕೋರ್ಟಿಗೆ ಹೋದರು ನಿಮಗೇ ಗೊತ್ತು.

ಇಪ್ಪತ್ತು_ಹಾಸಿಗೆ:
ಮೇಷ್ಟ್ರೇ, ನಾನು ಆ ಕಾನೂನಿಗಿಂತ ಮುಂಚೆಯೇ ಮೂರು ವರ್ಷ ಪಿಎಚ್‌ಸಿಯಲ್ಲಿದ್ದೆ. ಕ್ವಾಟ್ರಸ್ ಬಾಗಿಲಿಗೆ ಗೆದ್ದಲು. ಕರೆಂಟು ಹೋದರೆ ಹೆರಿಗೆ ಮೊಬೈಲ್ ಟಾರ್ಚಿನಲ್ಲಿ. ಹೆಂಡತಿ ಒಂದು ತಿಂಗಳು ಇದ್ದು ತವರಿಗೆ ಹೋದಳು. ಕಡ್ಡಾಯ ಮಾಡೋದು ಸುಲಭ, ಇರೋ ಹಾಗೆ ಮಾಡೋದು ಕಷ್ಟ. 22 ವರ್ಷದ ಹುಡುಗಿಯನ್ನು ಒಬ್ಬಳೇ ಕಾಡಂಚಿಗೆ ಹಾಕಿ "ಸೇವೆ ಮಾಡು" ಅಂದರೆ ನಿಮ್ಮ ಮಗಳನ್ನು ಕಳಿಸ್ತೀರಾ?

ಲೆಕ್ಕದ_ಮೇಷ್ಟ್ರು:
ನನ್ನ ಮಗಳು ಟೀಚರ್. 24ನೇ ವಯಸ್ಸಿಗೆ ಕಾಡಂಚಿಗೇ ಹೋದಳು, ಅವಳಿಗೆ ಕ್ವಾಟ್ರಸ್ಸೂ ಇರಲಿಲ್ಲ. ಇರಲಿ, ಮಾತು ಬೆಳೆಸಲ್ಲ. ಗೆದ್ದಲಿನ ವಿಷಯ ಒಪ್ಪುತ್ತೀನಿ.

ಚಾಮರಾಜನಗರದವ:
ನಡುವೆ ಬಾಯಿ ಹಾಕುತ್ತೀನಿ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪಿಎಚ್‌ಸಿಯನ್ನು 1996ರಲ್ಲಿ ಸರ್ಕಾರ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ನಡೆಸೋಕೆ ಕೊಟ್ಟಿತು. ಕಟ್ಟಡ ಸರ್ಕಾರದ್ದು, ದುಡ್ಡು ಬಹುಪಾಲು ಸರ್ಕಾರದ್ದು, ಊರಿಗೆ ಉತ್ತರ ಕೊಡಬೇಕಾದವರು ಮಾತ್ರ ಅಲ್ಲೇ ಇರುವವರು. ಖಾಸಗಿ, ಸರ್ಕಾರಿ ಅಂತ ಎರಡೇ ಬಣ್ಣದಲ್ಲಿ ನೋಡಬೇಡಿ ಅಂತಷ್ಟೇ.

ಸುರಪುರದ_ಹುಡುಗ:
ನೀವೆಲ್ಲ "ಐದು ಸಾವಿರ ಜನ ಒಬ್ಬ ಡಾಕ್ಟರಿಗೆ" ಅಂತಿದ್ದೀರಿ. ನಾವು ಯಾವ ಐದು ಸಾವಿರದಲ್ಲಿ ಬರ್ತೀವಿ?

ನಮ್ಮ ಕಡೆ ದೀಪಾವಳಿ ಆದ ಮೇಲೆ ಅರ್ಧ ಊರು ಗುಳೆ ಹೋಗುತ್ತೆ. ಬೆಂಗಳೂರು, ಪುಣೆ, ಮುಂಬೈ. ನಮ್ಮಕ್ಕ ಏಳು ತಿಂಗಳ ಬಸುರಿ ಇದ್ದಾಗ ಬೆಂಗಳೂರಿನ ಒಂದು ಬಿಲ್ಡಿಂಗ್ ಕೆಲಸದಲ್ಲಿದ್ದಳು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಳು. ಮಳೆ ಬಂದು ಶೆಡ್ಡಿಗೆ ನೀರು ನುಗ್ಗಿತು. ಕಾರ್ಡಿನಲ್ಲಿ ಬರೆದಿದ್ದೆಲ್ಲ ನೀಲಿ ನೀರಾಯಿತು. ಹತ್ತಿರದ ಆಸ್ಪತ್ರೆಗೆ ಹೋದರೆ "ನಿಮ್ಮೂರಲ್ಲಿ ತೋರಿಸಿದ್ದು ಏನಾಯಿತು? ಎಷ್ಟು ಇಂಜೆಕ್ಷನ್ ಆಗಿದೆ?" ಅಂತ ಕೇಳ್ತಾರೆ. ಅವಳಿಗೆ ಗೊತ್ತಿಲ್ಲ. ರಕ್ತ ಕಡಿಮೆ ಅಂತ ಹೇಳಿದ್ದರು ಅನ್ನೋದೊಂದೇ ನೆನಪು. ಮತ್ತೆ ಮೊದಲಿಂದ ಎಲ್ಲ ಪರೀಕ್ಷೆ.

ದೇಶಕ್ಕೊಂದು ವ್ಯವಸ್ಥೆ ಅಂದರೆ ನನಗೆ ಇಷ್ಟೇ. ನಮ್ಮಕ್ಕ ಯಾವ ಊರಲ್ಲಿದ್ದರೂ ಅವಳ ರಕ್ತ ಎಷ್ಟಿತ್ತು ಅಂತ ಅಲ್ಲಿನ ನರ್ಸ್‌ಗೆ ಕಾಣಬೇಕು.

ಟೆಕ್ಕಿ_ಜಯನಗರ:
ಸುರಪುರದವರೇ, ಇದು ಆಗೋ ಕೆಲಸ. ಡಿಜಿಟಲ್ ಆರೋಗ್ಯ ಮಿಷನ್ 2021ರಲ್ಲೇ ದೇಶಕ್ಕೆಲ್ಲ ಬಂತು. ಎಲ್ಲರಿಗೂ 14 ಅಂಕಿಯ ಆಭಾ ಸಂಖ್ಯೆ. ದಾಖಲೆ ನಿಮ್ಮದೇ, ನೀವು ಒಪ್ಪಿದರೆ ಮಾತ್ರ ಆಸ್ಪತ್ರೆಗೆ ಕಾಣುತ್ತೆ. ವಿನ್ಯಾಸ ನಿಜಕ್ಕೂ ಚೆನ್ನಾಗಿದೆ, ವೃತ್ತಿಯವನಾಗಿ ಹೇಳ್ತೀನಿ.

ಕತ್ತರಿ_ಹಿಡಿದವಳು:
ಸಾರ್, ವಿನ್ಯಾಸ ಚೆನ್ನಾಗಿರಬಹುದು. ನಮ್ಮಲ್ಲಿ ಜನ ಕ್ಯೂಆರ್ ಸ್ಕ್ಯಾನ್ ಮಾಡೋದು ಟೋಕನ್ ತಗೊಳ್ಳೋಕೆ. ಒಳಗೆ ಡಾಕ್ಟರ್ ಬರೆಯೋದು ಚೀಟಿಯ ಮೇಲೆ. ಒಂದು ದಿನಕ್ಕೆ ನೂರೈವತ್ತು ಓಪಿಡಿ, ಡಾಕ್ಟರ್ ಒಬ್ಬರು. ಟೈಪ್ ಮಾಡೋರು ಯಾರು? ನೆಟ್‌ವರ್ಕ್ ಬೇಕು ಅಂದರೆ ನೀರಿನ ಟ್ಯಾಂಕ್ ಹತ್ತಿರ ಹೋಗಬೇಕು. ಸಂಖ್ಯೆ ಇದೆ, ಸಂಖ್ಯೆಯ ಒಳಗೆ ಏನೂ ಇಲ್ಲ.

ಟೆಕ್ಕಿ_ಜಯನಗರ:
ಸರಿ, ಸೋತೆ. ಇನ್ನೊಂದು ಒಪ್ಪಿಕೊಂಡುಬಿಡ್ತೀನಿ. ಮೇಲೆ ವಿಮೆ ಅಂತ ಬರೆದೆನಲ್ಲ, ಹೋದ ತಿಂಗಳು ಅಮ್ಮನ ಕ್ಲೇಮಿನಲ್ಲಿ ವಿಮೆ ಕಂಪನಿಯವರು ಅರ್ಧ ಕಡಿತ ಮಾಡಿದರು. "ಅಡ್ಮಿಟ್ ಆಗುವ ಅಗತ್ಯ ಇರಲಿಲ್ಲ" ಅಂತೆ. ಅಡ್ಮಿಟ್ ಆಗದಿದ್ದರೆ ಏನೂ ಕೊಡಲ್ಲ, ಅಡ್ಮಿಟ್ ಆದರೆ ಅರ್ಧ ಕೊಡಲ್ಲ. ಹಾಗಾದರೆ ಏನು ಮಾಡಬೇಕಿತ್ತು ಅಂತ ಕೇಳಿದರೆ ಕಾಲ್ ಸೆಂಟರಿನ ಹುಡುಗ "ಬೇರೇನಾದರೂ ಸಹಾಯ ಬೇಕಾ ಸಾರ್" ಅಂದ.

ಆದರೂ ನನ್ನ ಒಂದು ಮಾತು ಉಳಿಯುತ್ತೆ. ನನ್ನಂಥವರು ಹೋಗದ ಆಸ್ಪತ್ರೆ ಸರಿಯಾಗಲ್ಲ. ನಾನೂ ಆ ಸಾಲಿನಲ್ಲಿ ನಿಲ್ಲೋ ಹಾಗೆ ಮಾಡಿ, ಆಗ ಫ್ಯಾನ್ ತಿರುಗದಿದ್ದರೂ ಟ್ವೀಟ್ ಮಾಡ್ತೀನಿ.

ಲೆಕ್ಕದ_ಮೇಷ್ಟ್ರು:
ಇದು ಮಾತು! ಬಡವರಿಗೆ ಅಂತ ಮಾಡಿದ್ದು ಬಡವಾಗಿಯೇ ಇರುತ್ತೆ. ಕಾರ್ಮಿಕರ ವಿಮೆ ಇಎಸ್‌ಐ ನೋಡಿ, ಸಂಬಳದಲ್ಲಿ ನೌಕರ 0.75%, ಮಾಲೀಕ 3.25% ಕಟ್ಟುತ್ತಾರೆ. ಸಂಬಳ 21 ಸಾವಿರ ದಾಟಿದರೆ, ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ನೌಕರ ಹೊರಗೆ. ದನಿ ಎತ್ತಬಲ್ಲವನು ಹೋದ ಮೇಲೆ ಅಲ್ಲಿ ಕೇಳೋರು ಯಾರು? ಅದಕ್ಕೇ ಬಿಪಿಎಲ್, ಎಪಿಎಲ್ ಅಂತ ಬಾಗಿಲಲ್ಲೇ ಬೇರೆ ಮಾಡಬಾರದು. 70 ದಾಟಿದವರಿಗೆ 2024ರಿಂದ ಆದಾಯ ಕೇಳದೆ ಕಾರ್ಡ್ ಕೊಡ್ತಿದ್ದಾರಲ್ಲ, ಆ ದಾರಿ ಸರಿ. ಆದರೆ ಅದೂ ಅಡ್ಮಿಟ್ ಆದವರಿಗೇ.

ಆಶಾ_ಅಕ್ಕನ_ಮಗಳು:
ಎರಡು ದಿನದಿಂದ ಓದುತ್ತಿದ್ದೇನೆ. ಪಾದ ನೋಡಬೇಕು, ಮಾತ್ರೆ ಮನೆಗೆ ಮುಟ್ಟಿಸಬೇಕು, ದಾಖಲೆ ತುಂಬಬೇಕು ಅಂತ ಎಲ್ಲರೂ ಹೇಳಿದಿರಿ. ಯಾರು ಅಂತ ಮಾತ್ರ ಯಾರೂ ಬರೆದಿಲ್ಲ. ನಾನು ಹೇಳ್ತೀನಿ. ಕೊನೆಗೆ ಅದು ನಮ್ಮಮ್ಮನ ಮೊಬೈಲಿಗೆ ಬರುತ್ತೆ.

2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದ ಮೇಲೆ ಸಾವಿರ ಜನಕ್ಕೊಬ್ಬರು ಆಶಾ ಅಂತ ಮಾಡಿದರು. ಆಗ ಕೆಲಸ ಬಸುರಿ, ಬಾಣಂತಿ, ಲಸಿಕೆ. ಈಗ ಟಿಬಿ, ಬಿಪಿ, ಶುಗರ್, ಕ್ಯಾನ್ಸರ್ ಸರ್ವೆ, ಆಭಾ ಮಾಡಿಸೋದು, ಎಲ್ಲಾ. ಮಲೆನಾಡಿನ ಕಡೆ ಮಂಗನ ಕಾಯಿಲೆ ಬಂದರೆ ಕಾಡಂಚಿನ ಮನೆಗಳಿಗೂ ಇವರೇ. ಅಮ್ಮನ ಬ್ಯಾಗಿನಲ್ಲಿ ಎಂಟು ರಿಜಿಸ್ಟರ್ ಇದೆ, ನಾನೇ ಎಣಿಸಿದ್ದು. ರಾತ್ರಿ ಊಟ ಆದ ಮೇಲೆ ನಾನು ಆಪ್‌ಗೆ ತುಂಬಿಸುತ್ತೇನೆ, ಅಮ್ಮ ಹೆಸರು ಹೇಳ್ತಾ ಹೋಗ್ತಾಳೆ. ಸಂಬಳ ಅಂತಿಲ್ಲ, ಗೌರವಧನ. "ಕಾರ್ಯಕರ್ತೆ" ಅಂತಾರೆ, ನೌಕರಳು ಅನ್ನಲ್ಲ. 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತರು. ತಿಂಗಳಿಗೆ 10 ಸಾವಿರ ಖಾತ್ರಿ ಅಂತ ಮಾತು ಕೊಟ್ಟ ಮೇಲೆ ಎದ್ದು ಬಂದರು.

ಆ ನೈಲಾನ್ ಎಳೆ ಅಮ್ಮನ ಕೈಗೆ ಕೊಡಿ, ಖಂಡಿತ ಮಾಡ್ತಾಳೆ. ಯಾರ ಮನೆಯಲ್ಲಿ ಯಾರು ಮಾತ್ರೆ ಬಿಟ್ಟಿದ್ದಾರೆ ಅಂತ ಡಾಕ್ಟರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಎಂಟು ರಿಜಿಸ್ಟರಿನಲ್ಲಿ ನಾಲ್ಕನ್ನು ಮೊದಲು ಕೆಳಗಿಳಿಸಿ.

ಅನುಭವಿ_75:
ಇಷ್ಟೆಲ್ಲ ಯಾಕೆ, ದಿನಾ ಬೆಳಗ್ಗೆ ಮೆಂತ್ಯ ನೆನೆಸಿದ ನೀರು ಕುಡಿಸಿದ್ದರೆ ಸಾಕಿತ್ತು.

ಇಪ್ಪತ್ತು_ಹಾಸಿಗೆ:
ಹಿರಿಯರೇ, ಕುಡೀಲಿ, ಬೇಡ ಅನ್ನಲ್ಲ. ಜೊತೆಗೆ ಮಾತ್ರೆಯೂ ಇರಲಿ.

ಆಶಾ ಅಕ್ಕನ ಮಗಳು ಹೇಳಿದ್ದಕ್ಕೆ ನನ್ನದೊಂದು ಪುರಾವೆ. ಎದೆನೋವು ಅಂತ ಬಂದರೆ ಈಗ ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೂಂ ಅಂದರೆ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಅಲ್ಲೇ, ಪುಕ್ಕಟೆ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ. ರೋಗಿಯನ್ನು ಬೆಂಗಳೂರಿಗೆ ಓಡಿಸುವ ಬದಲು ಬೆಂಗಳೂರಿನ ತಲೆಯನ್ನು ತಾಲ್ಲೂಕಿಗೆ ತಂದರು. ಹೃದಯಕ್ಕೆ ಆಗಿದ್ದು ಪಾದಕ್ಕೆ ಯಾಕೆ ಆಗಬಾರದು? ಗಾಯದ ಫೋಟೋ ಕಳಿಸೋಕೆ ಇಸಿಜಿ ಮಷಿನ್ನೂ ಬೇಡ.

ಶರಾವತಿ_ದಂಡೆ:
ಎಲ್ಲರ ಮಾತು ಕೇಳಿ ನನ್ನ ನಕ್ಷೆ ಬರೆದಿದ್ದೀನಿ. ತಪ್ಪಿದ್ದರೆ ತಿದ್ದಿ.

ಪ್ರತಿ ಐದು ಸಾವಿರ ಜನಕ್ಕೆ ಹೆಸರು ಗೊತ್ತಿರೋ ಒಂದು ತಂಡ. ಒಬ್ಬ ಡಾಕ್ಟರ್, ಇಬ್ಬರು ನರ್ಸ್, ಸಂಬಳ ಬರುವ ಐದು ಜನ ಆಶಾ ಅಕ್ಕಂದಿರು. ಡಾಕ್ಟರ್ ಸರ್ಕಾರದವರಾದರೂ ಸರಿ, ಇಪ್ಪತ್ತು ಹಾಸಿಗೆಯವರಾದರೂ ಸರಿ, ದುಡ್ಡು ತಲೆ ಲೆಕ್ಕದಲ್ಲಿ. ಆ ಊರಲ್ಲಿ ಯಾರ ಕಾಲಾದರೂ ಹೋದರೆ ಆ ತಂಡ ಕೂತು ಯಾಕೆ ಹೋಯಿತು ಅಂತ ಬರೆಯಬೇಕು. ಶಿಕ್ಷೆಗಲ್ಲ, ಸುಮ್ನೆ ಬರೆಯಬೇಕು. ಶುಗರ್, ಬಿಪಿ, ಫಿಟ್ಸ್, ಮಾನಸಿಕ ಕಾಯಿಲೆಯ ಮಾತ್ರೆ ಮೂರು ತಿಂಗಳದ್ದು ಒಟ್ಟಿಗೆ. ಪಾಸ್‌ಬುಕ್ ತಮಿಳುನಾಡಿನ ಹಾಗೆ. ಗುಳೆ ಹೋದವರು ಎಲ್ಲಿರ್ತಾರೋ ಆ ಊರಿನ ಲೆಕ್ಕಕ್ಕೆ ಸೇರಬೇಕು, ದುಡ್ಡೂ ಅವರ ಹಿಂದೆ ಹೋಗಬೇಕು. ದೊಡ್ಡ ಆಸ್ಪತ್ರೆಯ ಕಾರ್ಡ್ ಇರಲಿ, ತೆಗೆಯೋದು ಬೇಡ. ಆದರೆ ಹೊಸದಾಗಿ ಬರೋ ದುಡ್ಡು ಮೊದಲು ಕೆಳಗೆ ಹೋಗಲಿ.

ಬಹಳ ಆಯಿತು ಅನ್ನಿಸಿದರೆ ಒಂದನ್ನೇ ಮಾಡಿ. ಮೂರು ತಿಂಗಳ ಮಾತ್ರೆ.

ಲೆಕ್ಕದ_ಮೇಷ್ಟ್ರು:
ಆರೋಗ್ಯ ರಾಜ್ಯದ ಪಟ್ಟಿಯಲ್ಲಿರೋ ವಿಷಯ. ದೇಶಕ್ಕೆಲ್ಲ ಒಂದೇ ನಕ್ಷೆ ಅಂದರೆ ಕೇರಳದವರು ನಗ್ತಾರೆ, ಬಿಹಾರದವರು ಸಹಿ ಹಾಕಿ ಕಪಾಟಿನಲ್ಲಿಡ್ತಾರೆ. ಕೇಂದ್ರ ದುಡ್ಡು ಕೊಟ್ಟು "ಇಷ್ಟು ಆಗಲೇಬೇಕು" ಅನ್ನಲಿ, ಹೇಗೆ ಅನ್ನೋದು ರಾಜ್ಯಕ್ಕೆ ಬಿಡಲಿ. ಉಳಿದಿದ್ದಕ್ಕೆ ನೂರಕ್ಕೆ 85 ಕೊಟ್ಟಿದ್ದೀನಿ. ಐದು ಸಾವಿರಕ್ಕೊಬ್ಬ ಡಾಕ್ಟರ್ ಎಲ್ಲಿಂದ ತರ್ತೀರಿ ಅಂತ ಬರೆಯದ್ದಕ್ಕೆ 15 ಕಡಿತ.

ಇಪ್ಪತ್ತು_ಹಾಸಿಗೆ:
ಮೇಷ್ಟ್ರೇ, ಹತ್ತು ಸಾವಿರಕ್ಕೊಬ್ಬ ಡಾಕ್ಟರ್, ನರ್ಸ್ ನಾಲ್ಕು ಅಂತ ಮಾಡಿ. ಪಾದ ನೋಡೋಕೆ ಎಂಬಿಬಿಎಸ್ ಬೇಡ.

ಸುರಪುರದ_ಹುಡುಗ:
ಕತ್ತರಿ ಅಕ್ಕ, ನಿಮ್ಮ ಪಿಎಚ್‌ಸಿಗೆ ಈಗ ಮಾತ್ರೆ ಬಂದಿದೆಯಾ?

ಕತ್ತರಿ_ಹಿಡಿದವಳು:
ಶುಕ್ರವಾರ ಬಂತು ತಮ್ಮ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ 500 ಮಾತ್ರ, 1000 ಇಲ್ಲ. ಎರಡೆರಡು ನುಂಗಿ ಅಂತ ಹೇಳಿ ಕೊಡ್ತಿದ್ದೀನಿ. ಬಸ್ಸಿನಲ್ಲಿ ಬರೋರಿಗೆ ತಿಂಗಳದ್ದು, ನಡೆದುಕೊಂಡು ಬರೋರಿಗೆ ಹದಿನೈದು ದಿನದ್ದು. ಈ ನಿಯಮ ಎಲ್ಲೂ ಬರೆದಿಲ್ಲ, ನಾನೇ ಮಾಡಿಕೊಂಡಿದ್ದು. ಕೇಳಿದರೆ ಉತ್ತರ ಕೊಡ್ತೀನಿ. ಶರಾವತಿ ಅಣ್ಣ, ಅಪ್ಪನ ಇನ್ನೊಂದು ಪಾದ ಇವತ್ತು ನೋಡಿದಿರಾ?

ಶರಾವತಿ_ದಂಡೆ:
ನೋಡಿದೆ ತಾಯಿ. ಸಂಜೆ ಬಿಸಿನೀರಲ್ಲಿ ತೊಳೆದು, ಬೆರಳ ಸಂದಿ ಒರೆಸಿ, ಟಾರ್ಚ್ ಹಾಕಿ ನೋಡಿದೆ. ಹಿಮ್ಮಡಿಯಲ್ಲಿ ಒಂದು ಬಿರುಕಿದೆ. ಫೋಟೋ ತೆಗೆದಿದ್ದೀನಿ. ಡಾಕ್ಟ್ರೇ, ನಿಮಗೆ ಮೆಸೇಜ್‌ನಲ್ಲಿ ಕಳಿಸಲಾ?

ಇಪ್ಪತ್ತು_ಹಾಸಿಗೆ:
ಕಳಿಸಿ. ಬೆಳಕು ಬದಿಯಿಂದ ಬೀಳೋ ಹಾಗೆ ಹಿಡಿದು ಇನ್ನೊಂದು ತೆಗೀರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ಗೊತ್ತಾಗುತ್ತೆ.